ಆಲಿವ್ ಗಾಣದ ಊರಿನಲ್ಲಿ ಸೊಸೆಯೊಂದಿಗೆ

ಹೊಳಲ್ಕೆರೆ

ನಾನು ಪೋರ್ಚುಗಲ್ ದೇಶಕ್ಕೆ ಹೋಗಿದ್ದೆ ಎಂದು ಗೊತ್ತಾದವರು ಮೊದಲು ಕೇಳುವುದು ಅಲ್ಲಿ ಏನೇನು ನೋಡಿದಿರಿ ಎಂದು. ಸಮುದ್ರ ನೋಡಲಿಲ್ಲ, ಅರಮನೆ ನೋಡಲಿಲ್ಲ. ಒಂದು ಚಳಿಗಾಲವಿಡೀ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದು ಎಣ್ಣೆ ಗಾಣದ ಕೊಳೆನೀರು ನೋಡಿ ಬಂದೆ. ಹಾಗೆಂದರೆ ನಗುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಸೊಸೆ ಶೈಲಜ ಕೆಮಿಕಲ್ ಎಂಜಿನಿಯರಿಂಗ್ ಓದಿ, ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ. ಕೆಲಸ ಹಿಡಿದವಳು. ಅವಳು ಆರಿಸಿಕೊಂಡ ವಿಷಯ ಅಡಿಕೆಯ ಚೊಗರು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುವ ಕೆಂಗಪ್ಪು ನೀರದು. ಅಡಿಕೆಗೆ ಬಣ್ಣ ಕಟ್ಟಲು ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಹಳ್ಳಕ್ಕೆ ಬಿಡುವುದು ನಮ್ಮ ಕಡೆಯ ರೂಢಿ. ಆ ನೀರು ನಿಂತ ಜಾಗದಲ್ಲಿ ಹುಲ್ಲು ಏಳುವುದಿಲ್ಲ. ಇನ್ನು ಸುಲಿದ ಸಿಪ್ಪೆ ರಸ್ತೆಯ ಪಕ್ಕ ಗುಡ್ಡೆ ಬಿದ್ದು, ಯಾರೋ ಬೆಂಕಿ ಇಟ್ಟು, ವಾರಗಟ್ಟಲೆ ಹೊಗೆಯಾಡುತ್ತಿರುತ್ತದೆ. ಶೈಲಜಳ ಯೋಚನೆ ಏನೆಂದರೆ, ಆ ಸಿಪ್ಪೆಯನ್ನೇ ಇದ್ದಿಲು ಮಾಡಿ, ಅದಕ್ಕೆ ಕಬ್ಬಿಣದ ಅಂಶ ಹಿಡಿಸಿ, ಆ ಕರಿ ಪುಡಿಯಿಂದ ಚೊಗರನ್ನು ತಿಳಿ ಮಾಡುವುದು. ಪುಡಿಗೆ ಅವರ ಭಾಷೆಯಲ್ಲಿ ವೇಗವರ್ಧಕ ಎಂದು ಹೆಸರು.

"ಅದು ನೀರಿನ ಕೊಳೇನ ತಾನು ತಿನ್ನಲ್ಲ ಅತ್ತೆ," ಎಂದು ರೊಟ್ಟಿ ಬಡಿಯುತ್ತ ಒಮ್ಮೆ ಹೇಳಿದ್ದಳು. "ಕೊಳೆ ಸುಡೋ ಔಷಧಿ ಬೇರೆ ಹಾಕ್ತೀವಿ. ಇದು ಅದಕ್ಕೆ ಜೋರು ಮಾಡ್ತೈತೆ ಅಷ್ಟೆ. ಕೆಲಸ ಮುಗಿದ ಮೇಲೆ ಇದು ಹೆಂಗಿತ್ತೋ ಹಂಗೇ ಇರ್ಬೇಕು."

"ಮದುವೆ ಮನೇಲಿ ಎಲ್ಲರ ಕೈಲೂ ಕೆಲಸ ತೆಗೆದು, ತಾನು ಸೀರೆ ನೆರಿಗೇನೂ ಕೆಡಿಸ್ಕಳ್ಳಲ್ವಲ್ಲ ನಿಮ್ಮ ಸೋದರತ್ತೆ, ಹಂಗೆ ಅನ್ನು," ಎಂದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಏನನ್ನು ಕೇಳಿದರೂ ಒಂದು ಉದಾಹರಣೆ ಹೊಳೆದುಬಿಡುತ್ತದೆ.

ಉತ್ತರ ಪೋರ್ಚುಗಲ್ಲಿನ ಒಂದು ಬೆಟ್ಟದೂರಿನ ಪ್ರಯೋಗಾಲಯದಿಂದ ಅವಳಿಗೆ ಕರೆ ಬಂತು. ಆಲಿವ್ ಕಾಯಿಯ ಎಣ್ಣೆ ತೆಗೆದಾಗ ಅಲ್ಲಿಯೂ ಕರಿ ನೀರು ಉಳಿಯುತ್ತದಂತೆ. ಚೊಗರಿಗೂ ಅದಕ್ಕೂ ಗುಣದಲ್ಲಿ ಹತ್ತಿರದ ನಂಟು. ಚಳಿಗಾಲ ಪೂರ್ತಿ ಅಲ್ಲಿದ್ದು ಕೆಲಸ ಮಾಡಬಹುದು. ಆದರೆ ಮೊಮ್ಮಗಳು ಸಿರಿಗೆ ಇನ್ನೂ ಒಂಬತ್ತು ತಿಂಗಳು, ಮೊಲೆ ಬಿಟ್ಟಿರಲಿಲ್ಲ. ನನ್ನ ಮಗ ಮಂಜುನಾಥನದು ಮಾರ್ಕೆಟ್ ಯಾರ್ಡಿನಲ್ಲಿ ಅಡಿಕೆ ಮಂಡಿ. ಸುಗ್ಗಿ ಬಂದರೆ ಅವನು ಊಟಕ್ಕೂ ಮನೆಗೆ ಬರುವುದಿಲ್ಲ.

"ಆಗಲ್ಲ ಅಂತ ಬರೆದುಬಿಡ್ತೀನಿ," ಎಂದಳು ಶೈಲಜ. ಮುಖ ಮಾತ್ರ ಗೋಡೆಯ ಕಡೆಗಿತ್ತು.

"ನಾನು ಬರ್ತೀನಿ ಕಣೆ," ಎಂದೆ.

ನಮ್ಮ ಯಜಮಾನರು ಪೇಪರ್ ಕೆಳಗಿಟ್ಟರು. "ನಾಲ್ಕು ಹನಿ ಬಿದ್ರೆ ಸ್ವೆಟರ್ ಹಾಕ್ಕಂತೀಯ. ಅಲ್ಲಿ ಏನ್ಮಾಡ್ತೀಯ?"

"ಎರಡು ಹಾಕ್ಕಂತೀನಿ."

ವಿಮಾನ ಬದಲಿಸಿದ ನಿಲ್ದಾಣ

ಶೈಲಜ ತಿಂಗಳುಗಟ್ಟಲೆ ಕೂತು ಮಾಡಿದ ಕರಿ ಪುಡಿ ಒಂದು ಸ್ಟೀಲ್ ಡಬ್ಬಿಯಲ್ಲಿತ್ತು. ದೊಡ್ಡ ಸೂಟ್‌ಕೇಸಿನಲ್ಲಿಟ್ಟರೆ ಕಳೆದೀತು ಎಂದು ಅದನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದಳು. ನಾನು ಅದರ ಪಕ್ಕದಲ್ಲಿ ಅಂಥದೇ ಡಬ್ಬಿಯಲ್ಲಿ ಗುರೆಳ್ಳು ಚಟ್ನಿಪುಡಿ ಇಟ್ಟಿದ್ದೆ. ವಿಮಾನ ಬದಲಿಸುವ ನಿಲ್ದಾಣದಲ್ಲಿ ತಪಾಸಣೆಯ ಹೆಂಗಸು ಎರಡನ್ನೂ ತೆಗೆದು ಮೇಜಿನ ಮೇಲಿಟ್ಟಳು. ಎರಡೂ ಕಪ್ಪು.

ಮೊದಲು ನನ್ನದನ್ನು ಮೂಸಿ ಒಂದು ಸೀನು ಸೀನಿದಳು. ತಿನ್ನುವ ಪದಾರ್ಥ ಎಂದು ನಾನು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅದು ಪಾರಾಯಿತು. ಶೈಲಜಳ ಡಬ್ಬಿಯ ವಿಚಾರಕ್ಕೆ ಇನ್ನೊಬ್ಬ ಅಧಿಕಾರಿ ಬಂದ. ಆತ ಒರಟನಲ್ಲ. ಇದ್ದಿಲ ಪುಡಿ ವಿಮಾನದೊಳಗೆ ತಾನಾಗಿ ಕಾವು ಏರಿ ಹೊತ್ತಿಕೊಳ್ಳುವ ಸಂಭವ ಇರುತ್ತದೆ, ಅದಕ್ಕೆ ಬೇರೆಯೇ ಅನುಮತಿ ಬೇಕು, ನಿಮ್ಮ ಪ್ರೊಫೆಸರರ ಪತ್ರ ಸಾಲದು ಎಂದು ಸಮಾಧಾನದಿಂದ ಹೇಳಿದ. ಶೈಲಜ ಎಷ್ಟು ಹೇಳಿಕೊಂಡರೂ ಕೇಳಿ ತಲೆ ಆಡಿಸಿದನೇ ಹೊರತು ಡಬ್ಬಿ ಕೊಡಲಿಲ್ಲ.

ಅವಳು ಅಳಲಿಲ್ಲ. ಕಿಟಕಿಯ ಕಡೆ ಬೆನ್ನು ಹಾಕಿ ಕೂತು ಮಗುವಿಗೆ ಹಾಲು ಕುಡಿಸಿದಳು. ಆಮೇಲೆ, "ಆತ ಹೇಳಿದ್ದು ಸರಿ ಅತ್ತೆ. ನಾನೇ ಪಾಠ ಮಾಡ್ತೀನಿ ಅದನ್ನ," ಎಂದಳು. ನಾನು ಒಂದು ಕೋಡುಬಳೆ ಮುರಿದು ಅವಳ ಕೈಗಿಟ್ಟೆ. ತಿಂದಳು.

ಬೆಟ್ಟದೂರು

ಊರಿನ ನೆತ್ತಿಯ ಮೇಲೆ ಕೋಟೆ ಇತ್ತು. ದುರ್ಗದ ಕೋಟೆ ನೋಡಿ ಬೆಳೆದ ನಮಗೆ ಅದು ಮಕ್ಕಳು ಮಣ್ಣಿನಲ್ಲಿ ಕಟ್ಟಿದ ಹಾಗೆ ಕಂಡಿತು. ಆದರೂ ಕಲ್ಲಿನ ಗೋಡೆ ನೋಡಿದಾಗ ಎದೆ ಸ್ವಲ್ಪ ಹಗುರಾದದ್ದು ನಿಜ. ಬೆಳಿಗ್ಗೆ ಕಾಣುವುದು ಚಾವಣಿಗಳ ಮೇಲಿನ ಇಬ್ಬನಿ ಗಟ್ಟಿಯಾದ ಬಿಳುಪು, ಹೊಗೆಗೂಡಿನಿಂದ ಏಳುವ ಸೌದೆ ಹೊಗೆ, ಕೆಳಗೆ ಇಳಿಜಾರಿನಲ್ಲಿ ಬೂದಿಹಸಿರಿನ ಆಲಿವ್ ಮರಗಳು.

ನಮಗೆ ಮನೆ ಬಾಡಿಗೆಗೆ ಕೊಟ್ಟವಳು ಅಮೇಲಿಯ. ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿಹೋದ ದಿನದಿಂದ ಕಪ್ಪು ಬಟ್ಟೆಯನ್ನೇ ಉಡುತ್ತಾಳೆ. ಹರೆಯದಲ್ಲಿ ಕೆನಡಾದ ಒಂದು ಲಾಂಡ್ರಿಯಲ್ಲಿ ದುಡಿದು ಬಂದವಳಾದ್ದರಿಂದ ಮುರುಕು ಇಂಗ್ಲಿಷ್ ಆಡುತ್ತಿದ್ದಳು. ನನ್ನದು ಶಾಲೆಯ ಇಂಗ್ಲಿಷ್. ಇಬ್ಬರ ಮಾತೂ ಕುಂಟುತ್ತಲೇ ಜೊತೆಯಾಗಿ ನಡೆಯಿತು. ಅವಳ ಮಾತನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೇ ಕೇಳುತ್ತಿತ್ತು.

ಮೊದಲ ಬೆಳಿಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಒಂದು ಬಟ್ಟೆಚೀಲ ನೇತಾಡುತ್ತಿತ್ತು. ಒಳಗೆ ಬಿಸಿ ಬ್ರೆಡ್ಡು. ಯಾರೋ ಮನೆ ತಪ್ಪಿ ತೂಗುಹಾಕಿದ್ದಾರೆ ಎಂದು ಪಕ್ಕದ ಬಾಗಿಲಿಗೆ ಹಾಕಿ ಬಂದೆ. ಆ ಮನೆಯವರು ತಮ್ಮದಲ್ಲವೆಂದು ಆಚೆ ಬಾಗಿಲಿಗೆ ಹಾಕಿದರಂತೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಬ್ರೆಡ್ಡು ಬೀದಿಯೆಲ್ಲ ತಿರುಗಿ ತಣ್ಣಗಾಗಿ ಅಮೇಲಿಯಳ ಕೈಗೆ ಬಂತು. ಬ್ರೆಡ್ಡಿನವನು ದಿನಾ ಬೆಳಿಗ್ಗೆ ಹಾಗೆ ಎಲ್ಲರ ಬಾಗಿಲಿಗೂ ಹಾಕಿ ಹೋಗುತ್ತಾನೆ ಎಂದು ಅವಳು ಹೇಳಿದಾಗ ನಮ್ಮೂರಿನ ಹಾಲಿನವನ ನೆನಪಾಯಿತು. ಅವನು ಬಾಗಿಲಲ್ಲಿ ನಿಂತು ಊರ ಸುದ್ದಿಯನ್ನೂ ಅಳೆದು ಹೋಗುತ್ತಾನೆ. ಬ್ರೆಡ್ಡಿನವನ ಮುಖವನ್ನು ನಾನು ಕೊನೆಯವರೆಗೂ ನೋಡಲಿಲ್ಲ.

ಅಮೇಲಿಯ ಸೊಪ್ಪಿನ ಸಾರು ತಂದುಕೊಟ್ಟಳು. ಅದರಲ್ಲಿ ತೇಲುತ್ತಿದ್ದ ಕೆಂಪು ಬಿಲ್ಲೆ ಹಂದಿಮಾಂಸ ಎಂದು ಶೈಲಜ ಪಿಸುಗುಟ್ಟಿದಳು. ನಾವು ಲಿಂಗ ಕಟ್ಟಿದವರು, ಮುಟ್ಟುವುದಿಲ್ಲ ಎಂದು ನಾನು ಕೈಮುಗಿದು ವಿವರಿಸಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಮರುದಿನದಿಂದ ನನಗಾಗಿ ಬೇರೆ ಪುಟ್ಟ ಪಾತ್ರೆಯಲ್ಲಿ ಬೇಯಿಸಿ, ಮುಚ್ಚಳದ ಮೇಲೆ ಒಂದು ಎಲೆ ಇಟ್ಟು ಗುರುತು ಮಾಡಿ ತರುತ್ತಿದ್ದಳು. ನಾನು ಅವಳಿಗೆ ಗುರೆಳ್ಳು ಪುಡಿ ಕೊಟ್ಟೆ. ಬ್ರೆಡ್ಡಿಗೆ ಆಲಿವ್ ಎಣ್ಣೆ ಸುರಿದು, ಅದರ ಮೇಲೆ ಪುಡಿ ಉದುರಿಸಿ ತಿಂದಳು. ಕಣ್ಣಲ್ಲಿ ನೀರು ಬಂತು, ಇನ್ನೊಂದು ಚೂರು ಕೇಳಿದಳು.

ಒಂದು ಸಂಜೆ ಅವಳು ಸಿರಿಗೆ ಸಾಮಾನು ತೋರಿಸಿ ಹೆಸರು ಹೇಳುತ್ತಿದ್ದಳು. ಮೇಜನ್ನು ತಟ್ಟಿ "ಮೇಜ" ಎಂದಳು. ಕೀಲಿಕೈ ಅಲ್ಲಾಡಿಸಿ "ಚಾವ್" ಎಂದಳು. ಸೋಪಿಗೆ "ಸಬಾಂವ್" ಎಂದಳು. ನಾನು ಎದ್ದು ನಿಂತೆ. ಮೇಜು, ಚಾವಿ, ಸಾಬೂನು. ಯಾವ ಕಾಲದಲ್ಲೋ ಹಡಗಿನಲ್ಲಿ ಬಂದ ಮಾತುಗಳು, ತುರುವನೂರಿನ ನಮ್ಮ ತವರಿನ ಪಡಸಾಲೆಯವರೆಗೂ ನಡೆದು ಬಂದಿದ್ದವು. ನಾವಿಬ್ಬರೂ ಆ ಸಂಜೆ ಮನೆಯೆಲ್ಲ ಸುತ್ತಿ ಇನ್ನೇನು ಹೊಂದುತ್ತದೆ ಎಂದು ಹುಡುಕಿದೆವು.

ಆದರೆ ಶೈಲಜಳ ಕೆಲಸದ ಮಾತು ಬಂದರೆ ಅಮೇಲಿಯಳ ಮುಖ ಬಿಗಿಯುತ್ತಿತ್ತು. "ಕಾಲೇಜಿನೋರು ಬರ್ತಾರೆ, ಬಾಟ್ಲಿಗೆ ನೀರು ತುಂಬ್ಕಂತಾರೆ, ಹೋಗ್ತಾರೆ. ಆಮೇಲೆ ಆಫೀಸ್ನೋರು ಬರ್ತಾರೆ," ಎಂದಳು. ಅವಳ ತಮ್ಮ ಜುವಾಕಿಂ ಊರಾಚೆ ಆಲಿವ್ ಗಾಣ ನಡೆಸುತ್ತಿದ್ದ. ಹಿಂದೆ ಒಮ್ಮೆ ಯಾರೋ ಅವನ ಗಾಣದ ನೀರನ್ನು ಪರೀಕ್ಷೆಗೆ ಒಯ್ದಿದ್ದರಂತೆ. ತೊರೆಗೆ ಬಿಡುತ್ತಿದ್ದಾನೆ ಎಂದು ಗೊತ್ತಾಗಿ ಒಂದು ಸುಗ್ಗಿ ಪೂರ್ತಿ ಗಾಣ ಮುಚ್ಚಿಸಿದ್ದರಂತೆ. ಆಮೇಲೆ ಅವನು ಗುಂಡಿ ತೋಡಿ ನೀರು ನಿಲ್ಲಿಸುತ್ತಿದ್ದ. ಗುಂಡಿ ನಾರುತ್ತಿತ್ತು. ಪ್ರಯೋಗಾಲಯದವರು ಅಂದಿನಿಂದ ಅವನ ಗೇಟು ದಾಟಿರಲಿಲ್ಲ.

ಗಾಣ

ಪ್ರಯೋಗಾಲಯದ ಮುಖ್ಯಸ್ಥೆ ತೆರೇಜ ಶೈಲಜಳಿಗೆ ಅಂಗಡಿಯಲ್ಲಿ ಸಿಗುವ ಸಿದ್ಧ ವೇಗವರ್ಧಕ ಕೊಡುತ್ತೇನೆ ಎಂದಳಂತೆ. ಶೈಲಜ ಒಪ್ಪಲಿಲ್ಲ. "ಆ ಪುಡಿ ಹೊಳಲ್ಕೆರೇಲಿ ಯಾರು ಕೊಂಡ್ಕಂತಾರೆ ಅತ್ತೆ? ಬಿಸಾಕೋ ಸಾಮಾನಿಂದಲೇ ಆಗ್ಬೇಕು. ಸಿಪ್ಪೆ ಇಲ್ಲ ಅಂದ್ರೆ ಇಲ್ಲಿ ಏನು ಬಿಸಾಕ್ತಾರೋ ಅದ್ರಿಂದ ಮಾಡ್ತೀನಿ." ಆಲಿವ್ ಗಾಣದಲ್ಲಿ ಬಿಸಾಡುವುದು ಬೀಜ. ಅದು ಕಲ್ಲಿನಷ್ಟು ಗಟ್ಟಿ. ಒಳ್ಳೆಯ ಇದ್ದಿಲು ಆಗುತ್ತದೆ. ಪರೀಕ್ಷೆಗೆ ನೀರೂ ಬೇಕು. ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಜುವಾಕಿಂನ ಗಾಣ ಒಂದೇ.

ನಾನು ಅಮೇಲಿಯಳನ್ನು ಕೇಳಿದೆ. ಅವಳು ತುಂಬಾ ಹೊತ್ತು ಸಿರಿಯ ಕಾಲುಚೀಲ ಸರಿಮಾಡುತ್ತ ಕೂತಳು. ಕೊನೆಗೆ, "ಭಾನುವಾರ ಹೋಗಾಣ. ಮಗೂನೂ ಕರ್ಕೊಂಡು ಬಾ," ಎಂದಳು.

ಗಾಣದೊಳಗೆ ಕಾಲಿಟ್ಟ ಕೂಡಲೇ ಹೊಸ ಎಣ್ಣೆಯ ವಾಸನೆ. ಚಳ್ಳಕೆರೆಯ ಕಡಲೆಕಾಯಿ ಎಣ್ಣೆ ಮಿಲ್ಲಿನ ವಾಸನೆ ಸಿಹಿ. ಇದು ಕೊಯ್ದ ಹುಲ್ಲಿನ ಹಾಗೆ, ಗಂಟಲಲ್ಲಿ ಸ್ವಲ್ಪ ಕಾರ. ಕಾಯಿ ಆರಿಸುವ ಹೆಂಗಸರು ಬೆಂಚಿನ ಮೇಲೆ ಸಾಲಾಗಿ ಕೂತು ಮಾತಾಡುತ್ತಿದ್ದರು. ಅವರ ಕೈ ಬೆರಳುಗಳೆಲ್ಲ ಕಪ್ಪಾಗಿದ್ದವು. ನಮ್ಮಲ್ಲಿ ಅಡಿಕೆ ಸುಲಿಯುವ ಹೆಂಗಸರ ಬೆರಳನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ.

ಜುವಾಕಿಂ ಎತ್ತರದ ಮುದುಕ. ಮಗುವಿನ ಕೆನ್ನೆ ಸವರಿದ, ನಮಗೆ ಬ್ರೆಡ್ಡು ಎಣ್ಣೆ ಕೊಟ್ಟ. ಶೈಲಜ ವಿಷಯ ಹೇಳಿದಳು, ಅಮೇಲಿಯ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಆತ ಕೈ ಒರೆಸಿಕೊಂಡ.

"ಬೀಜ ಎಷ್ಟು ಬೇಕೋ ತಗಂಡು ಹೋಗ್ಲಿ. ಒಲೆಗೆ ಹಾಕಾದೇ ಅದು," ಎಂದು ಅಮೇಲಿಯ ಅವನ ಮಾತು ಹೇಳಿದಳು. "ನೀರು ಕೊಡಲ್ಲ ಅಂತಾನೆ."

ಶೈಲಜ ವಾದ ಮಾಡಲಿಲ್ಲ. ಫೋನು ತೆಗೆದು, ತನ್ನ ತಮ್ಮ ಹಿಂದಿನ ದಿನ ತವರೂರು ಬಿ.ದುರ್ಗದಿಂದ ಕಳಿಸಿದ್ದ ವಿಡಿಯೊ ಹಾಕಿ ಮುದುಕನ ಕೈಗೆ ಕೊಟ್ಟಳು. ಅದರಲ್ಲಿ ಅವಳ ಅಪ್ಪ ರುದ್ರಪ್ಪನವರು ಲುಂಗಿ ಎತ್ತಿ ಕಟ್ಟಿ, ಹಂಡೆಯಿಂದ ಬೆಂದ ಅಡಿಕೆ ಎತ್ತಿ ಬುಟ್ಟಿಗೆ ಸುರಿಯುತ್ತಿದ್ದರು. ಕೊನೆಗೆ ಹಂಡೆ ಬಗ್ಗಿಸಿದರು. ಚೊಗರು ಕಾಲುವೆಯಲ್ಲಿ ಹರಿದು ಹಳ್ಳದ ಕಡೆ ಹೋಯಿತು.

ಜುವಾಕಿಂ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದ.

"ಯಾರಿವನು?"

"ನಮ್ಮಪ್ಪ."

"ಬಣ್ಣ ಒಂದೇ," ಎಂದ. ಫೋನು ವಾಪಸ್ ಕೊಡುತ್ತ ಕೇಳಿದ: "ನೀನು ಈ ನೀರಿನ ಮೇಲೆ ಓದ್ತಿರಾದು ಅವನಿಗೆ ಗೊತ್ತಾ?"

ಶೈಲಜ ತಲೆತಗ್ಗಿಸಿದಳು. ಅವಳ ತವರಿನ ಬಾವಿಯ ನೀರು ಕೆಂಪಗಾಗಿ ಕುಡಿಯುವುದನ್ನು ಬಿಟ್ಟದ್ದು ನನಗೆ ಗೊತ್ತಿತ್ತು. ಕಲ್ಲಿನ ದೋಷ ಎಂದು ರುದ್ರಪ್ಪನವರು ಹೇಳುತ್ತಿದ್ದರು. ಮಗಳು ಯಾವ ನೀರಿನ ಬೆನ್ನು ಹತ್ತಿದ್ದಾಳೆ ಎಂದು ಅವರಿಗೆ ತಿಳಿದಿಲ್ಲ ಎನ್ನುವುದು ನನಗೂ ಆಗಲೇ ಗೊತ್ತಾಯಿತು. ಅಡಿಕೆಯ ಮೇಲೆ ಏನೋ ಓದುತ್ತಾಳೆ ಎಂದಷ್ಟೇ ಅವರು ಅಂದುಕೊಂಡಿದ್ದರು.

"ಹೇಳೋಕೆ ಆಗಿಲ್ಲ," ಎಂದಳು. "ನಮ್ಮನ್ನೆಲ್ಲ ಓದಿಸಿದ್ದು ಆ ಹಂಡೇನೇ."

ಅಮೇಲಿಯ ಅದನ್ನು ಹೇಳುವಾಗ ದನಿ ತಗ್ಗಿಸಿದಳು. ಮುದುಕ ಎದ್ದು ಹೋಗಿ ಎರಡು ಕ್ಯಾನು ತಂದ. ಗುಂಡಿಯ ಹಳೇ ನೀರಲ್ಲ, ಆಗಷ್ಟೇ ಗಾಣದಿಂದ ಬಿದ್ದದ್ದು. "ನನಗೆ ಆಫೀಸ್ನೋನು ಬಂದು ಹೇಳಿದ. ನನ್ನ ಮಗಳು ಹೇಳಿದ್ರೆ ಬೈತಿದ್ದೆ. ಆದ್ರೆ ಕೇಳ್ತಿದ್ದೆ," ಎಂದ.

ಲ್ಯಾಬು

ಅಲ್ಲಿಂದ ಮುಂದಿನದು ಶೈಲಜಳ ಸುಗ್ಗಿ. ಬೀಜ ತೊಳೆದು ಒಣಗಿಸುವುದು, ಗಾಳಿ ಸೋಕದ ಕುಲುಮೆಯಲ್ಲಿ ಇದ್ದಿಲು ಮಾಡುವುದು, ಕಬ್ಬಿಣದ ದ್ರಾವಣದಲ್ಲಿ ನೆನೆಸುವುದು, ಮತ್ತೆ ಕಾಯಿಸುವುದು. ಮಧ್ಯಾಹ್ನ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಾನು ಬೆಟ್ಟ ಇಳಿದು ಹೋಗುತ್ತಿದ್ದೆ. ಲ್ಯಾಬಿನ ಹೊರಗಿನ ಬೆಂಚಿನಲ್ಲಿ ಅವಳು ಹಾಲು ಕುಡಿಸುತ್ತ ಅಂದಿನ ಸಮಾಚಾರ ಹೇಳುತ್ತಿದ್ದಳು.

ಕೊಳೆ ಸುಡುವ ಔಷಧಿ ಎಂದರೆ ಹೈಡ್ರೋಜನ್ ಪೆರಾಕ್ಸೈಡು, ಆಸ್ಪತ್ರೆಯಲ್ಲಿ ಗಾಯಕ್ಕೆ ಹಾಕಿದರೆ ಬುಸಬುಸ ನೊರೆ ಬರುವ ಅದೇ ನೀರು. ಮೊದಲ ಸಲ ಅದನ್ನು ಹಾಕುತ್ತಿದ್ದಂತೆ ಕರಿ ನೀರು ಹಾಲು ಉಕ್ಕಿದ ಹಾಗೆ ಉಕ್ಕಿ ಮೇಜಿನ ಮೇಲೆಲ್ಲ ಹರಿಯಿತಂತೆ. ತೆರೇಜ ತಾನೇ ಬಟ್ಟೆ ತಂದು ಒರೆಸಿದಳಂತೆ. ಅದು ನನಗೆ ಬಹಳ ಮೆಚ್ಚುಗೆಯಾಯಿತು. ನಮ್ಮಲ್ಲಿ ದೊಡ್ಡವರು ಅಟೆಂಡರನ್ನು ಕೂಗುತ್ತಾರೆ. ಎರಡನೆಯ ಸಲ ನೀರು ತಿಳಿಯಾಯಿತು, ಆದರೆ ಕಬ್ಬಿಣ ಪುಡಿಯಿಂದ ಬಿಟ್ಟುಕೊಂಡು ನೀರೆಲ್ಲ ಹಳದಿ. ಒಂದು ಕೊಳೆ ತೆಗೆದು ಇನ್ನೊಂದನ್ನು ಸೇರಿಸಿದ ಹಾಗಾಯಿತು ಎಂದು ಶೈಲಜ ಆ ದಿನ ಊಟ ಮಾಡಲಿಲ್ಲ. ಕುಲುಮೆಯ ಶಾಖ ಬದಲಿಸಿ, ಇದ್ದಿಲನ್ನು ಮೊದಲು ಆಮ್ಲದಲ್ಲಿ ತೊಳೆದು, ಮತ್ತೆ ಮತ್ತೆ ಮಾಡಿದಳು. ಹೊರಗೆ ಹಿಮ ಬಿತ್ತು, ಕರಗಿತು. ಸಿರಿ ಅಮೇಲಿಯಳ ಮೇಜಿನ ಕಾಲು ಹಿಡಿದು ಎದ್ದು ನಿಲ್ಲಲು ಕಲಿತಳು.

ಒಂದು ಮಧ್ಯಾಹ್ನ ಶೈಲಜ ಲ್ಯಾಬಿನಿಂದ ಸೀಸೆ ಹಿಡಿದುಕೊಂಡು ಹೊರಗೆ ಬಂದಳು. ಡಿಕಾಕ್ಷನ್ನಿನಂತಿದ್ದ ನೀರು ಸಪ್ಪೆ ಚಹದ ಬಣ್ಣಕ್ಕೆ ಇಳಿದಿತ್ತು. ಕಬ್ಬಿಣವೂ ಬಿಟ್ಟಿರಲಿಲ್ಲ.

"ಕುಡಿಯೋ ಹಂಗೆ ಆಗಿಲ್ಲ," ಎಂದಳು ನಗುತ್ತ. "ಮೂರನೇ ಸಲ ಬಳಸಿದ್ರೆ ಪುಡಿ ಸೋಲ್ತೈತೆ. ಆದ್ರೂ ಇದು ದಾರಿ ಅತ್ತೆ."

ನನಗೆ ಬಣ್ಣ ನೋಡಿ ತೃಪ್ತಿಯಾಗಲಿಲ್ಲ. ಮಕ್ಕಳಿಗೆ ಪಾಠ ಮಾಡಿದವಳು, ಕಣ್ಣಿಗೆ ಕಾಣುವಂಥದ್ದು ಬೇಕು. ಅಡುಗೆಮನೆಯ ಕಿಟಕಿಯಲ್ಲಿ ಮೂರು ಬಸಿಗಳಲ್ಲಿ ಹತ್ತಿ ಹಾಸಿ ಮೆಂತ್ಯ ಹಾಕಿದೆ. ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ಗಾಣದ ನೀರು, ಒಂದಕ್ಕೆ ಶೈಲಜ ತಿಳಿ ಮಾಡಿದ್ದು. ಲ್ಯಾಬಿನಲ್ಲಿ ಇಂಥ ಪರೀಕ್ಷೆಯನ್ನೇ ಬೇರೆ ಬೀಜದಲ್ಲಿ ಮಾಡುತ್ತಾರೆ ಎಂದು ಅವಳು ಆಮೇಲೆ ಹೇಳಿದಳು. ಗಾಣದ ನೀರಿನಲ್ಲಿ ಮೆಂತ್ಯ ಊದಿಕೊಂಡು ಕೊಳೆಯಿತು. ಮೂರನೆಯದರಲ್ಲಿ ಅರ್ಧದಷ್ಟು ಮೊಳೆತವು, ಸಣ್ಣ ಬಿಳಿ ಬಾಲ ಬಿಟ್ಟು.

ಅಮೇಲಿಯ ಜುವಾಕಿಂಗೆ ಫೋನು ಮಾಡಿದಳು. ಅವನು ಟೋಪಿ ತೆಗೆದು ಕಿಟಕಿಯ ಮುಂದೆ ಬಗ್ಗಿ ನಿಂತು, ಮೊಳೆಯದ ಬಸಿಯನ್ನೇ ಹೆಚ್ಚು ಹೊತ್ತು ನೋಡಿದ. ಟೋಪಿ ಹಾಕಿಕೊಂಡು ಹೋದ. ಮರುವಾರ ತೆರೇಜಳ ಲ್ಯಾಬಿನ ಮುಂದೆ ಅವನ ಪಿಕಪ್ಪು ನಿಂತಿತ್ತು, ಹಿಂದೆ ತುಂಬ ಕ್ಯಾನುಗಳು.

ನಾವು ಹೊರಡುವ ದಿನ ಅಮೇಲಿಯ ಸಿರಿಯನ್ನು ಎತ್ತಿಕೊಂಡವಳು ಬಸ್ಸು ಬರುವವರೆಗೂ ಇಳಿಸಲಿಲ್ಲ. ನಾನು ಅವಳ ಕೈ ಹಿಡಿದೆ. ಇಬ್ಬರಿಗೂ ಇಂಗ್ಲಿಷ್ ಮರೆತುಹೋಗಿತ್ತು. ಅವಳು ಅವಳ ಭಾಷೆಯಲ್ಲಿ ಏನೋ ಹೇಳಿದಳು, ನಾನು ನನ್ನ ಭಾಷೆಯಲ್ಲಿ ಹೂಂ ಎಂದೆ.

ಬಿ.ದುರ್ಗ

ಪ್ರವಾಸ ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಮುಗಿಯಿತು ಎಂದುಕೊಂಡಿದ್ದೆ. ಶೈಲಜ ಎರಡೇ ದಿನ ಸುಧಾರಿಸಿಕೊಂಡು, "ನಮ್ಮೂರಿಗೆ ಹೋಗಾಣ. ನೀವೂ ಬರ್ರಿ ಅತ್ತೆ," ಎಂದಳು.

ಸುಗ್ಗಿಯ ಕೊನೆ. ರುದ್ರಪ್ಪನವರ ಅಂಗಳದಲ್ಲಿ ಅಡಿಕೆ ಹರವಿತ್ತು, ಒಲೆ ಆರಿತ್ತು. ಅವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಲ್ಲಿನ ಚಳಿ, ಊಟ ಎಲ್ಲ ವಿಚಾರಿಸಿದರು. ಶೈಲಜ ಅವರ ಎದುರು ನೆಲದ ಮೇಲೆ ಕೂತಳು. ಗಾಣ, ಜುವಾಕಿಂ, ಕರಿ ನೀರು, ಮೆಂತ್ಯ, ಎಲ್ಲ ಹೇಳಿದಳು. ಆಮೇಲೆ ಚೊಗರಿನ ಮಾತಿಗೆ ಬಂದಳು. ಬಾವಿಯ ಮಾತಿಗೆ ಬರುವಾಗ ಅವಳ ದನಿ ಒಡೆಯಿತು, ನಿಲ್ಲಿಸಲಿಲ್ಲ. "ಕಲ್ಲಿಂದಲ್ಲಪ್ಪ ಅದು. ನಮ್ಮ ಹಂಡೇದೇ. ನೀರು ಪರೀಕ್ಷೆ ಮಾಡ್ದಾಗಿಂದ ಗೊತ್ತೈತೆ ನಂಗೆ."

ರುದ್ರಪ್ಪನವರು ಸಿರಿಯನ್ನು ನನ್ನ ಕೈಗೆ ಕೊಟ್ಟರು. ಎದ್ದರು. ಚಪ್ಪಲಿ ಮೆಟ್ಟಿಕೊಂಡು, ತಿರುಗಿಯೂ ನೋಡದೆ ಬೀದಿಗೆ ಇಳಿದು ಹೋದರು. ಶೈಲಜ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಅವ್ವ ಒಳಗಿಂದ ಬಂದು ಮಗಳ ಪಕ್ಕ ಕೂತರು. ನಾನು ಮಗುವಿಗೆ ಅಡಿಕೆ ಮುಟ್ಟಬೇಡ, ಮುಟ್ಟಬೇಡ ಎನ್ನುತ್ತ ಅಂಗಳ ಸುತ್ತಿದೆ.

ಬಹಳ ಹೊತ್ತಾದ ಮೇಲೆ ಅವರು ಬಂದರು. ಒಬ್ಬರೇ ಅಲ್ಲ. ಹಿಂದೆ ಪಕ್ಕದ ತೋಟದ ಬಸಣ್ಣ, ಅವನ ಹಿಂದೆ ಕೈಯೊರೆಸಿಕೊಳ್ಳುತ್ತ ಇನ್ನಿಬ್ಬರು.

"ಕುಂತ್ಕಳ್ರಿ," ಎಂದು ರುದ್ರಪ್ಪನವರು ಕಟ್ಟೆ ತೋರಿಸಿದರು. ಆಮೇಲೆ ಮಗಳ ಕಡೆ ನೋಡಿದರು. ಕಣ್ಣು ಕೆಂಪಗಿತ್ತು, ದನಿ ಎಂದಿನದೇ.

"ಇವ್ರೂ ಆ ಹಳ್ಳಕ್ಕೇ ಬಿಡಾದು ಕಣಮ್ಮ. ನಂಗೆ ಏನು ಹೇಳಿದ್ಯೋ ಅದನ್ನ ಇವ್ರಿಗೂ ಹೇಳು. ಮೊದ್ಲಿಂದ ಹೇಳು."

ಶೈಲಜ ಮುಖ ಒರೆಸಿಕೊಂಡು ಶುರು ಮಾಡಿದಳು.